ಟೀ ಟ್ರೀ ಎಣ್ಣೆ: ಎಷ್ಟು ಹನಿ, ಎಷ್ಟು ಹೊತ್ತು, ಎಷ್ಟು ವಾರ

"ಅಣ್ಣಾರ, ಮಾರಿ ಉರಿಯಾಕ ಹತ್ತೈತ್ರಿ." ಕೊಪ್ಪಳದ ನಮ್ಮ ಔಷಧ ಅಂಗಡಿಗೆ ಹೀಗೆ ಹೇಳಿಕೊಂಡು ಬರುವವರ ಕೈಯಲ್ಲಿ ಹೆಚ್ಚಾಗಿ ಒಂದು ಸಣ್ಣ ಕಂದು ಬಾಟಲಿ ಇರುತ್ತದೆ. ಟೀ ಟ್ರೀ ಎಣ್ಣೆ. ಕೇಳಿದರೆ ಎಲ್ಲರದೂ ಒಂದೇ ಕಥೆ: ಮೊಡವೆಯ ಮೇಲೆ ನೇರವಾಗಿ ಹಚ್ಚಿದ್ದಾರೆ. ಇನ್ನು ಕೆಲವರು ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಹಾಕಿ, ರಾತ್ರಿ ನೆತ್ತಿಗೆ ತಿಕ್ಕಿ ಮಲಗುತ್ತಾರೆ. ಹದಿನೈದು ದಿನ ಬಿಟ್ಟು ಬಂದು "ಹೊಟ್ಟು ಹಂಗೇ ಐತ್ರಿ" ಅನ್ನುತ್ತಾರೆ.

ಎರಡರಲ್ಲೂ ಎಣ್ಣೆಯ ತಪ್ಪಿಲ್ಲ. ಬಾಟಲಿಯಲ್ಲಿ ಇರುವುದು ಇನ್ನೂ ಔಷಧವಲ್ಲ, ಖಾರದ ಪುಡಿ ಇದ್ದ ಹಾಗೆ. ಸಾರಿಗೆ ಎಷ್ಟು ಬೇಕೋ ಅಷ್ಟು ಹಾಕಬೇಕು, ಬಾಯಿಗೇ ಸುರಿದುಕೊಂಡರೆ ಆಗುವುದು ಬೇರೆ. ಎಷ್ಟಕ್ಕೆ ಎಷ್ಟು ಬೆರೆಸಬೇಕು, ಯಾವುದು ಮೊದಲು ಯಾವುದು ಆಮೇಲೆ, ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಪೂರ್ತಿ ಓದಿ, ಆಮೇಲೆ ಮುಚ್ಚಳ ತೆಗೆಯಿರಿ.

ಹಂತ 1: ಇದು ಹೊಟ್ಟೇ ಹೌದಾ, ಮೊಡವೆಯೇ ಹೌದಾ?

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಸೋಪು ಹಾಕಿ ತಲೆ ತೊಳೆದರೆ ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಿಳಿ ಅಂಟಾಗುತ್ತದೆ. ಅದು ಕೂದಲಿಗೆ, ನೆತ್ತಿಗೆ ಮೆತ್ತಿಕೊಂಡು ಹೊಟ್ಟಿನ ಹಾಗೇ ಕಾಣುತ್ತದೆ. ಉಗುರಿನಿಂದ ಕೆರೆದರೆ ಮೇಣದಂತೆ ಬರುತ್ತದೆ, ತುರಿಕೆ ಅಷ್ಟಾಗಿ ಇರುವುದಿಲ್ಲ. ಪರೀಕ್ಷೆ ಸುಲಭ. ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ನೀರು ತನ್ನಿ. ಎರಡು ಸಲ ಅದರಲ್ಲೇ ಶಾಂಪೂ ಹಾಕಿ ತಲೆ ಎರೆದುಕೊಳ್ಳಿ. ಹೊಟ್ಟು ಮಾಯವಾದರೆ ನಿಮಗೆ ಯಾವ ಎಣ್ಣೆಯೂ ಬೇಡ, ನೀರು ಬದಲಿಸಿದರೆ ಸಾಕು.

ನಿಜವಾದ ಹೊಟ್ಟಾದರೆ ತುರಿಕೆ ಇರುತ್ತದೆ. ಒಣ ಚಕ್ಕೆ ಭುಜದ ಮೇಲೆ ಉದುರುತ್ತದೆ, ಇಲ್ಲವೇ ಜಿಡ್ಡಾದ ಹಳದಿ ಚಕ್ಕೆ ನೆತ್ತಿಗೆ ಅಂಟಿರುತ್ತದೆ. ಟೀ ಟ್ರೀ ಎಣ್ಣೆ ಕೆಲಸಕ್ಕೆ ಬರುವುದು ಇಂಥದ್ದಕ್ಕೆ. ಬೆಳ್ಳಿ ಬಣ್ಣದ ದಪ್ಪ ಪದರ ಇದ್ದು, ಮೊಳಕೈ ಮೊಳಕಾಲಲ್ಲೂ ಅದೇ ಕಂಡರೆ ಸೋರಿಯಾಸಿಸ್ ಇರಬಹುದು. ಮಗುವಿನ ತಲೆಯಲ್ಲಿ ಕೂದಲು ಉದುರಿ ದುಂಡಗಿನ ಬೋಳು ಕಂಡರೆ ಹುಳಕಡ್ಡಿ ಇರಬಹುದು. ಇವೆರಡಕ್ಕೂ ಮನೆಮದ್ದು ಬೇಡ, ವೈದ್ಯರಿಗೆ ತೋರಿಸಿ.

ಮೊಡವೆಯಲ್ಲೂ ಇಂಥದೇ ಗೊಂದಲ. ಹಣೆಯ ಮೇಲೆ, ಕೂದಲು ಶುರುವಾಗುವ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಇದ್ದರೆ ಮೊದಲು ತಲೆಗೆ ಹಚ್ಚುವ ಎಣ್ಣೆಯನ್ನು ಅನುಮಾನಿಸಿ. ಬೆವರಿನ ಜೊತೆ ಎಣ್ಣೆ ಹಣೆಗೆ ಇಳಿದು ರಂಧ್ರ ಮುಚ್ಚುತ್ತದೆ. ಒಂದೂವರೆ ತಿಂಗಳು ಎಣ್ಣೆ ಬಿಟ್ಟು ನೋಡಿ. ಎಲ್ಲ ಗುಳ್ಳೆಯೂ ಒಂದೇ ಗಾತ್ರ ಇದ್ದು, ಎದೆ ಬೆನ್ನಿಗೂ ಹಬ್ಬಿ, ಸೆಕೆಗಾಲದಲ್ಲಿ ತುರಿಸಿದರೆ ಅದು ಶಿಲೀಂಧ್ರದ್ದು ಇರಬಹುದು, ಮದ್ದು ಬೇರೆ. ಒಳಗೇ ಗಟ್ಟಿಯಾಗಿ, ಮುಟ್ಟಿದರೆ ನೋಯುವ ದೊಡ್ಡ ಗಂಟುಗಳಿದ್ದರೆ ಟೀ ಟ್ರೀ ಎಣ್ಣೆ ನೆಚ್ಚಿಕೊಂಡು ದಿನ ಕಳೆಯಬೇಡಿ. ಅವು ಗುಂಡಿ ಬಿಟ್ಟು ಹೋಗುತ್ತವೆ.

ಇನ್ನೊಂದು ಮಾತು, ನಾಚಿಕೆ ಪಡದೆ ಕೇಳಿಕೊಳ್ಳಿ. ಮುಖ ಬೆಳ್ಳಗಾಗಲಿ ಅಂತ ಯಾರೋ ಹೇಳಿದ ಟ್ಯೂಬ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದ್ದೀರಾ? ಅಂಥವುಗಳಲ್ಲಿ ಸ್ಟೀರಾಯ್ಡ್ ಇರುವುದು ಜಾಸ್ತಿ. ಅದರಿಂದ ಚರ್ಮ ತೆಳುವಾಗುತ್ತದೆ, ಮೊಡವೆಯೂ ಏಳುತ್ತದೆ. ಆ ಮುಖಕ್ಕೆ ಈ ಎಣ್ಣೆ ಬೇಡವೇ ಬೇಡ. ಟ್ಯೂಬ್ ಹಿಡಿದುಕೊಂಡು ಚರ್ಮದ ವೈದ್ಯರ ಹತ್ತಿರ ಹೋಗಿ.

ಹಂತ 2: ಬಾಟಲಿ ಆರಿಸುವುದು, ಇಡುವುದು

ಹೆಸರಿನಲ್ಲಿ ಟೀ ಇದ್ದರೂ ಚಹಾ ಗಿಡಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ಇಳಿಸಿದ ಎಣ್ಣೆ. ಲೇಬಲ್ ಮೇಲೆ ಆ ಮರದ ಹೆಸರು, ಮೆಲಲೂಕಾ ಆಲ್ಟರ್ನಿಫೋಲಿಯಾ, ಇರಲೇಬೇಕು. ತಯಾರಿಸಿದ ದಿನಾಂಕ, ಬ್ಯಾಚ್ ಸಂಖ್ಯೆ ಇರಬೇಕು. ಬಾಟಲಿ ಕಂದು ಅಥವಾ ಕಡುನೀಲಿ ಗಾಜಿನದಾಗಿರಬೇಕು. ಪ್ಲಾಸ್ಟಿಕ್ ಶೀಷೆಯಲ್ಲಿ ಬಿಳಿ ಬೆಳಕಿಗೆ ಹೊಳೆಯುತ್ತಾ ಜಾತ್ರೆಯ ಅಂಗಡಿಯಲ್ಲಿ ಇಟ್ಟಿದ್ದನ್ನು ಬಿಟ್ಟುಬಿಡಿ.

ಎರಡು ಕಡೆ ಜನ ಮೋಸ ಹೋಗುತ್ತಾರೆ. 'ಫ್ರಾಗ್ರೆನ್ಸ್ ಆಯಿಲ್' ಅಂದರೆ ಬರೀ ವಾಸನೆ, ಊದುಬತ್ತಿಗೆ ಹಾಕುವಂಥದ್ದು. ಇನ್ನು 'ಟೀ ಟ್ರೀ ಹೇರ್ ಆಯಿಲ್' ಅಂದರೆ ಬೇರೆ ಎಣ್ಣೆಯಲ್ಲಿ ಮೊದಲೇ ಬೆರೆಸಿದ್ದು. ಅದರಲ್ಲಿ ಅಸಲು ಎಷ್ಟಿದೆ ಅಂತ ಬರೆದಿಲ್ಲದಿದ್ದರೆ ಕೆಳಗೆ ಹೇಳುವ ಲೆಕ್ಕ ಯಾವುದೂ ಹೊಂದುವುದಿಲ್ಲ. ನಿಮಗೆ ಬೇಕಾದದ್ದು 100% ಎಸೆನ್ಶಿಯಲ್ ಆಯಿಲ್, 10 ಅಥವಾ 15 ಎಂಎಲ್. ದೊಡ್ಡದು ಬೇಡ. ಅಗ್ಗ ಅಂತ ದೊಡ್ಡದು ತಂದರೆ ಮುಗಿಯುವ ಮೊದಲೇ ಕೆಡುತ್ತದೆ.

ಈ ಕೆಡುವ ವಿಷಯವನ್ನು ಯಾರೂ ಗಮನಿಸುವುದಿಲ್ಲ. ಗಾಳಿ, ಬೆಳಕು, ಬಿಸಿ ಸೇರಿ ಟೀ ಟ್ರೀ ಎಣ್ಣೆಯನ್ನು ಬದಲಾಯಿಸುತ್ತವೆ. ಹಾಗೆ ಬದಲಾದ ಎಣ್ಣೆಯಿಂದಲೇ ಅಲರ್ಜಿ ಜಾಸ್ತಿ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯಾದರೆ ಒಳಗೆ ಇನ್ನೂ ಕಾವು. ಕಿಟಕಿ, ಬಚ್ಚಲಮನೆ ಗೂಡು, ಬೈಕಿನ ಡಿಕ್ಕಿ, ಯಾವುದರಲ್ಲೂ ಇಡಬೇಡಿ. ಮನೆಯ ತಂಪು ಮೂಲೆಯ ಕಪಾಟು ಆಗುತ್ತದೆ. ಫ್ರಿಜ್ಜಿನಲ್ಲಿ ಇಡುವುದಾದರೆ ಡಬ್ಬಿಯಲ್ಲಿ ಮುಚ್ಚಿ, ಊಟದ ಸಾಮಾನಿನಿಂದ ದೂರ, ಮಕ್ಕಳ ಕೈಗೆ ಸಿಗದ ಮೇಲಿನ ಅರೆಯಲ್ಲಿ ಇಡಿ. ಮುಚ್ಚಳ ತೆಗೆದ ದಿನಾಂಕವನ್ನು ಚೀಟಿ ಬರೆದು ಅಂಟಿಸಿ. ನಮ್ಮ ಬಿಸಿಲಿಗೆ ಆರು ತಿಂಗಳು ಅಂತ ಲೆಕ್ಕ ಇಟ್ಟುಕೊಳ್ಳಿ. ಹೊಸ ಎಣ್ಣೆಗೆ ಕರ್ಪೂರದ ಹತ್ತಿರದ ವಾಸನೆ. ಅದು ಬಣ್ಣಕ್ಕೆ ಹಾಕುವ ಟರ್ಪೆಂಟೈನ್ ಹಾಗೆ ಚುಚ್ಚಲು ಶುರುವಾದರೆ ಚೆಲ್ಲಿ.

ಬೆಂಕಿಯ ವಿಷಯದಲ್ಲೂ ಜೋಪಾನ. ಬಚ್ಚಲಿನಲ್ಲಿ ಹಂಡೆಗೆ ಕಟ್ಟಿಗೆ ಉರಿ ಹಾಕುವ ಮನೆಗಳಲ್ಲಿ ಒಲೆಯ ಪಕ್ಕ ಬಾಟಲಿ ತೆರೆಯಬೇಡಿ. ಇದು ಬೇಗ ಹತ್ತಿಕೊಳ್ಳುವ ಎಣ್ಣೆ.

ಹಂತ 3: ಸಾಮಾನು, ಮತ್ತು ಹನಿಯ ಲೆಕ್ಕ

ಬೇಕಾಗುವುದು ಇಷ್ಟೇ. ಸೂಜಿ ಇಲ್ಲದ 1 ಎಂಎಲ್ ಸಿರಿಂಜ್, ಕೆಮ್ಮಿನ ಸಿರಪ್ಪಿನ ಜೊತೆ ಬರುವ ಅಳತೆ ಕಪ್ಪು, ಒಂದು ಸಣ್ಣ ಸ್ಟೀಲ್ ಅಥವಾ ಗಾಜಿನ ಬಟ್ಟಲು, ಒಂದು ಚಮಚ, ಬಾಲ ಇರುವ ಬಾಚಣಿಗೆ, ಮೊಬೈಲಿನ ಟೈಮರ್. ಈ ಕಪ್ಪನ್ನೂ ಚಮಚವನ್ನೂ ಆಮೇಲೆ ಔಷಧ ಕುಡಿಯಲು ಬಳಸಬಾರದು. ಬೇರೆ ಇಡಿ.

ನೆನಪಿಡಬೇಕಾದ ಅಂಕಿ 5%. ಆಸ್ಟ್ರೇಲಿಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೊಟ್ಟು ಇದ್ದ 126 ಜನರ ಮೇಲೆ ನೋಡಿದ್ದು 5% ಟೀ ಟ್ರೀ ಶಾಂಪೂ. 4 ವಾರದಲ್ಲಿ ಅದನ್ನು ಬಳಸಿದವರಿಗೆ 41% ಸುಧಾರಣೆ, ಬರೀ ಶಾಂಪೂ ಬಳಸಿದವರಿಗೆ 11%. ಮೊಡವೆಗೆ 1990ರಲ್ಲಿ 124 ಜನರ ಮೇಲೆ ನೋಡಿದ್ದೂ 5% ಜೆಲ್. ಅದು ಮೊಡವೆಗೆ ಹಚ್ಚುವ ಮದ್ದಾದ ಬೆಂಜಾಯಿಲ್ ಪೆರಾಕ್ಸೈಡ್‌ಗಿಂತ ನಿಧಾನ, ಆದರೆ ಉರಿ ಒಣಗುವಿಕೆ ಕಡಿಮೆ ಎಂದು ಕಂಡುಬಂತು. ಯಾವುದರಲ್ಲೂ ನೂರಕ್ಕೆ ನೂರು ಎಣ್ಣೆ ಹಚ್ಚಿರಲಿಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಅನ್ನುವುದು ಇಲ್ಲಿ ನಡೆಯುವುದಿಲ್ಲ.

1 ಎಂಎಲ್ ಅಂದರೆ ಸುಮಾರು 20 ಹನಿ. ಆದರೆ ಒಂದೊಂದು ಬಾಟಲಿಯ ಬಾಯಿಗೆ ಹನಿ ಒಂದೊಂದು ಗಾತ್ರ. ಮೊದಲ ದಿನ ಸಿರಿಂಜಿನ ಒಳದಂಡ ತೆಗೆದು, ತುದಿಗೆ ಬೆರಳು ಒತ್ತಿ ಹಿಡಿದು, ಎಣಿಸುತ್ತಾ 0.5ರ ಗೆರೆ ಮುಟ್ಟುವ ತನಕ ಹನಿ ಬಿಡಿ. ನಿಮ್ಮ ಬಾಟಲಿಯ ಲೆಕ್ಕ ಗೊತ್ತಾಗುತ್ತದೆ. ಬೆರಳಿಗೆ ತಗುಲಿದ್ದನ್ನು ಸೋಪು ಹಾಕಿ ತೊಳೆಯಿರಿ. ಕೆಳಗೆ 0.5 ಎಂಎಲ್‌ಗೆ 10 ಹನಿ ಎಂದು ಹಿಡಿದಿದ್ದೇನೆ, ನಿಮ್ಮದು 13 ಬಂದರೆ 13 ಹಾಕಿ.

ಹಂತ 4: ಎರಡು ದಿನ ಕಾಯುವುದು

ಇದನ್ನೇ ಎಲ್ಲರೂ ಹಾರಿಸುತ್ತಾರೆ. ಮುಖಕ್ಕೆ ಹಚ್ಚಲಿರುವ ಜೆಲ್ (ಹಂತ 6ರಲ್ಲಿ ಹೇಳಿದ್ದು) 5 ಎಂಎಲ್‌ಗೆ 5 ಹನಿ ಎಣ್ಣೆ ಬೆರೆಸಿ. ಮೊಳಕೈ ಮಡಚುವ ಒಳಭಾಗಕ್ಕೆ ರೂಪಾಯಿ ನಾಣ್ಯದ ಅಗಲ ಹಚ್ಚಿ. ಆ ಜಾಗ ತೊಳೆಯಬೇಡಿ. ಮರುದಿನ ಮತ್ತೆ ಅಲ್ಲೇ ಹಚ್ಚಿ. 48 ಗಂಟೆಯ ತನಕ ಕೆಂಪಾಗದೆ, ತುರಿಸದೆ, ಗುಳ್ಳೆ ಏಳದೆ ಇದ್ದರೆ ಮುಂದಿನ ಹಂತ. ಹಚ್ಚಿದ ಕೂಡಲೇ ಏನೂ ಆಗಲಿಲ್ಲ ಅಂತ ಧೈರ್ಯ ಮಾಡಬೇಡಿ. ಅಲರ್ಜಿ ಎರಡನೇ ದಿನವೂ ಬರುತ್ತದೆ.

ಕೆರೆದು ಗಾಯವಾದ ನೆತ್ತಿ, ಒಡೆದ ಮೊಡವೆ, ಎಕ್ಸಿಮಾ ಇರುವ ಚರ್ಮಕ್ಕೆ ಈ ಎಣ್ಣೆ ಬೇಡ. ಸಣ್ಣ ಮಕ್ಕಳಿಗೂ ಬೇಡ. ಬಸುರಿಯರು, ಹಾಲುಣಿಸುವವರು ವೈದ್ಯರನ್ನು ಕೇಳಿ.

ಹಂತ 5: ತಲೆಹೊಟ್ಟಿಗೆ, ಜಳಕದ ಕ್ರಮ

ಹಿಂದಿನ ರಾತ್ರಿ ತಲೆಗೆ ಎಣ್ಣೆ ಹಚ್ಚಬೇಡಿ. ಅವ್ವ ಬೈದರೂ ಬೇಡ. ಹೊಟ್ಟಿನ ಹಿಂದೆ ಇರುವುದು ಮಲಸೀಜಿಯಾ ಎಂಬ ಶಿಲೀಂಧ್ರ. ಅದು ಎಲ್ಲರ ನೆತ್ತಿಯಲ್ಲೂ ಇರುತ್ತದೆ, ಜಿಡ್ಡು ತಿಂದು ಬದುಕುತ್ತದೆ. ಕೊಬ್ಬರಿ ಎಣ್ಣೆ ಅದಕ್ಕೆ ಊಟ. ಟೀ ಟ್ರೀ ಎಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಬೆರೆಸುವುದು ಅಂದರೆ ಬೈಯುತ್ತಲೇ ಬಡಿಸಿದ ಹಾಗೆ. ಎಣ್ಣೆ ಹಚ್ಚಿದಾಗ ಚಕ್ಕೆ ಒದ್ದೆಯಾಗಿ ಅಂಟಿಕೊಂಡು ಕಾಣದಂತಾಗುತ್ತದೆ, ಹೋಯಿತು ಅಂದುಕೊಳ್ಳುತ್ತೇವೆ. ಕೂದಲು ಒರಟಾಗುತ್ತದೆ ಅನ್ನುವವರು ಜಳಕದ ಮೇಲೆ ತುದಿಗೆ ಮಾತ್ರ ಒಂದೆರಡು ಹನಿ ಸವರಿಕೊಳ್ಳಿ, ನೆತ್ತಿಗೆ ಬೇಡ.

ಮೊದಲ ಸುತ್ತು ಬರೀ ಶಾಂಪೂ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಯಲ್ಲಿ, ಸಂಡೂರಿನ ಗಣಿ ಕಡೆ, ರಾಯಚೂರಿನ ಹತ್ತಿ ಜಿನ್ನಿಂಗ್‌ನಲ್ಲಿ ದುಡಿಯುವವರಿಗೆ ಇದು ಬಹಳ ಮುಖ್ಯ. ದೂಳು, ಬೆವರು, ಹಳೇ ಎಣ್ಣೆ ಕುಳಿತ ನೆತ್ತಿಗೆ ಮದ್ದು ಹಾಕಿದರೆ ಅದು ಮೇಲೇ ಉಳಿಯುತ್ತದೆ. ತಿಕ್ಕಿ, ತೊಳೆದು, ನೀರು ಹಿಂಡಿ. ನೀರು ಉಗುರುಬೆಚ್ಚಗೆ ಇರಲಿ. ಹಂಡೆಯ ಸುಡು ನೀರು ನೆತ್ತಿಯನ್ನು ಒಣಗಿಸಿ ತುರಿಕೆ ಹೆಚ್ಚಿಸುತ್ತದೆ.

ಎರಡನೇ ಸುತ್ತಿಗೆ ಬಟ್ಟಲಿನಲ್ಲಿ 10 ಎಂಎಲ್ ಸಾದಾ ಶಾಂಪೂ ಹಾಕಿ, 0.5 ಎಂಎಲ್ ಅಥವಾ 10 ಹನಿ ಟೀ ಟ್ರೀ ಎಣ್ಣೆ ಬಿಟ್ಟು, ಚಮಚದಿಂದ ಅರ್ಧ ನಿಮಿಷ ಕಲಸಿ. ಸುಮಾರು 5% ಆಯಿತು. ಅಂಗೈಯಲ್ಲಿ ಶಾಂಪೂ ಸುರಿದು ಅದರ ಮೇಲೆ ಹನಿ ಬಿಡುವ ಸುಲಭದ ದಾರಿ ಬೇಡ. ಕಲಸದ ಹನಿ ನೆತ್ತಿಯ ಒಂದೇ ಕಡೆ ಬಿದ್ದು ಉರಿಸುತ್ತದೆ. ಇಡೀ ಶಾಂಪೂ ಬಾಟಲಿಗೆ ಒಂದೇ ಸಲ ಸುರಿಯುವುದೂ ಬೇಡ. ಆ ಹೊತ್ತಿನದು ಆ ಹೊತ್ತಿಗೆ ಕಲಸಿ.

ನೀರಿಗೆ ಬೆರೆಸಿ ಸ್ಪ್ರೇ ಮಾಡುವವರೂ ಇದ್ದಾರೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ತೇಲುತ್ತದೆ. ಒಂದು ಸಲ ಬರೀ ನೀರು ಬರುತ್ತದೆ, ಇನ್ನೊಂದು ಸಲ ಬರೀ ಎಣ್ಣೆ. ಸೀಗೆಕಾಯಿ, ಕಡಲೆಹಿಟ್ಟಿಗೂ ಬೆರೆಸಬೇಡಿ. ಹದ ಸಿಗುವುದಿಲ್ಲ, ಪುಡಿ ನೆತ್ತಿಯಲ್ಲೇ ಕುಳಿತು ಮತ್ತೆ ಹೊಟ್ಟಿನಂತೆ ಕಾಣುತ್ತದೆ.

ಬಾಚಣಿಗೆಯ ಬಾಲದಿಂದ ಬೈತಲೆ ತೆಗೆಯುತ್ತಾ ಹೋಗಿ, ಪ್ರತಿ ಬೈತಲೆಗೂ ಬೆರಳ ತುದಿಯಿಂದ ಹಚ್ಚಿ. ಉದ್ದ ಜಡೆಯವರು ಕೂದಲಿಗೆ ಹಚ್ಚಿ ವ್ಯರ್ಥ ಮಾಡಬೇಡಿ, ಕೆಲಸ ಇರುವುದು ನೆತ್ತಿಯಲ್ಲಿ. ಉಗುರು ತಾಗಿಸಬೇಡಿ. ಕಿವಿಯ ಹಿಂದೆ, ಕತ್ತಿನ ಮೇಲಿನ ಅಂಚು ಮರೆಯಬೇಡಿ, ಹೊಟ್ಟು ಅಡಗಿ ಕೂರುವುದು ಅಲ್ಲೇ.

ಈಗ ಟೈಮರ್. 3 ನಿಮಿಷ. ಇದು ಕೇಳಲು ಕಡಿಮೆ, ಆದರೆ ಕಣ್ಣು ಮುಚ್ಚಿ ಬಚ್ಚಲಲ್ಲಿ ಕುಳಿತರೆ ಮುಗಿಯುವುದೇ ಇಲ್ಲ. ಅರ್ಧ ನಿಮಿಷಕ್ಕೇ ತಂಬಿಗೆ ಎತ್ತುವವರೇ ಜಾಸ್ತಿ. 5 ನಿಮಿಷ ದಾಟಿಸುವುದೂ ಬೇಡ. ಸ್ವಲ್ಪ ತಂಪೆನಿಸಿದರೆ ಸರಿ. ಉರಿ ಶುರುವಾದರೆ ಟೈಮರ್ ನೋಡದೆ ತೊಳೆಯಿರಿ. ಕಣ್ಣಿಗೆ ಹೋದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಉರಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ತೊಳೆಯುವಾಗ ತಲೆ ಮುಂದಕ್ಕೆ ಬಾಗಿಸಿ, ನೊರೆ ಮುಖ ಬೆನ್ನಿನ ಮೇಲೆ ಹರಿಯದಂತೆ ನೋಡಿಕೊಳ್ಳಿ. ಗಡಸು ನೀರಿನಲ್ಲಿ ಶಾಂಪೂ ನೊರೆ ಬರುವುದಿಲ್ಲ ಅಂತ ಜನ ಮತ್ತೆ ಮತ್ತೆ ಶಾಂಪೂ ಹಾಕುತ್ತಾರೆ, ಆಮೇಲೆ ಪೂರ್ತಿ ತೊಳೆಯುವುದಿಲ್ಲ. ಉಳಿದ ಶಾಂಪೂ ಕೂಡ ತುರಿಕೆ ತರುತ್ತದೆ. ಕೊನೆಯ ಎರಡು ತಂಬಿಗೆ ಕ್ಯಾನ್ ನೀರು ಹಾಕಿಕೊಂಡರೆ ವ್ಯತ್ಯಾಸ ನಿಮಗೇ ಕಾಣುತ್ತದೆ. ಕೂದಲು ಪೂರ್ತಿ ಒಣಗುವ ತನಕ ಜಡೆ ಹಾಕಬೇಡಿ, ಹೆಲ್ಮೆಟ್ ಹಾಕಬೇಡಿ. ಒದ್ದೆ, ಬಿಸಿ, ಕತ್ತಲು, ಈ ಮೂರೂ ಸಿಕ್ಕರೆ ಶಿಲೀಂಧ್ರಕ್ಕೆ ಹಬ್ಬ.

ಮೇಲೆ ಹೇಳಿದ 2002ರ ಪರೀಕ್ಷೆಯಲ್ಲಿ ದಿನಾ ಬಳಸಿದ್ದರು. ನಮ್ಮಲ್ಲಿ ವಾರಕ್ಕೊಮ್ಮೆ ತಲೆ ಎರೆದುಕೊಳ್ಳುವವರೇ ಹೆಚ್ಚು, ಅಷ್ಟು ಸಾಲದು. ವಾರಕ್ಕೆ ಕನಿಷ್ಠ ಮೂರು ಸಲ, ಹೀಗೆ 4 ವಾರ. ಎರಡನೇ ವಾರಕ್ಕೇ ಬಿಡಬೇಡಿ.

ಹಂತ 6: ಮೊಡವೆಗೆ

ಮೊದಲು ನನ್ನ ಕಥೆ. ಔಷಧ ಮಾರುವವನೇ ತಪ್ಪು ಮಾಡಿದ್ದೇನೆ. ಮನೆಯಲ್ಲಿ ಮದುವೆ, ಕೆನ್ನೆಯ ಮೇಲೆ ಒಂದು ಮೊಡವೆ. ಕಿವಿ ತೊಳೆಯುವ ಹತ್ತಿಕಡ್ಡಿಯಲ್ಲಿ ನೇರ ಎಣ್ಣೆ ಅದ್ದಿ ಮೂರು ರಾತ್ರಿ ಒತ್ತಿದೆ. ಮೊಡವೆ ಹೋಯಿತು, ನಿಜ. ಆದರೆ ಸುತ್ತಲಿನ ಚರ್ಮ ಸಿಪ್ಪೆ ಎದ್ದು, ಆಮೇಲೆ ಕಪ್ಪು ಕಲೆ ಉಳಿಯಿತು. ಮದುವೆ ಫೋಟೋದಲ್ಲಿ ಅದು ಇವತ್ತಿಗೂ ಇದೆ. ನಮ್ಮಂಥ ಕಂದು ಚರ್ಮದಲ್ಲಿ ಸಣ್ಣ ಉರಿಯೂತವೂ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊಡವೆಗಿಂತ ಕಲೆಯೇ ದೊಡ್ಡ ತಲೆನೋವು.

ಹಾಗಾಗಿ ಕಡಿಮೆಯಿಂದ ಶುರು ಮಾಡಿ. ಸಿದ್ಧ 5% ಟೀ ಟ್ರೀ ಜೆಲ್ ಸಿಕ್ಕರೆ ಅದೇ ಒಳ್ಳೆಯದು, ಕಲಸುವ ಕೆಲಸವಿಲ್ಲ. ಮನೆಯಲ್ಲೇ ಮಾಡುವುದಾದರೆ ವಾಸನೆ ಇಲ್ಲದ, ಲೇಬಲ್ ಮೇಲೆ 'ನಾನ್-ಕಾಮೆಡೋಜೆನಿಕ್' (ರಂಧ್ರ ಮುಚ್ಚದ್ದು) ಅಂತ ಇರುವ ಜೆಲ್ ಮಾಯಿಶ್ಚರೈಸರ್ 5 ಎಂಎಲ್‌ಗೆ 2 ಹನಿ. ಅದು ಸುಮಾರು 2%. ಎರಡು ವಾರ ಚರ್ಮ ಸಹಿಸಿಕೊಂಡರೆ 5 ಹನಿಗೆ ಏರಿಸಿ, 5% ಆಗುತ್ತದೆ. ಅಲ್ಲಿಗೆ ನಿಲ್ಲಿಸಿ. ಸಣ್ಣ ಗಾಜಿನ ಶೀಷೆಯಲ್ಲಿ ಮೂರು ನಾಲ್ಕು ದಿನಕ್ಕಾಗುವಷ್ಟೇ ಮಾಡಿ, ಪ್ರತಿ ಸಲ ಚಮಚದ ಹಿಡಿಯಿಂದ ಮತ್ತೆ ಕಲಸಿ. ಇಟ್ಟಲ್ಲೇ ಎಣ್ಣೆ ಬೇರೆಯಾಗುತ್ತದೆ.

ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆಯಿರಿ. ಬಟ್ಟೆ ಸೋಪು, ಮೈ ಸೋಪು ಬೇಡ. ಟವೆಲ್ ಒತ್ತಿ ಒರೆಸಿ, ಹತ್ತು ನಿಮಿಷ ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚು. ಆಮೇಲೆ ಮೊಡವೆ ಬರುವ ಜಾಗಕ್ಕೆ ತೆಳುವಾಗಿ ಸವರಿ. ಕಣ್ಣು, ತುಟಿ, ಮೂಗಿನ ಅಂಚು ಬಿಡಿ. ಮೊದಲ ವಾರ ದಿನ ಬಿಟ್ಟು ದಿನ, ಆಮೇಲೆ ದಿನಾ ರಾತ್ರಿ. ಬೆಳಿಗ್ಗೆ ಮುಖ ತೊಳೆದು ಸನ್‌ಸ್ಕ್ರೀನ್ ಹಚ್ಚಿ. ಬಳ್ಳಾರಿ ಬಿಸಿಲಿಗೆ ಸನ್‌ಸ್ಕ್ರೀನ್ ಇಲ್ಲದೆ ಹೋದರೆ ಹಳೇ ಕಲೆಗಳು ಇನ್ನಷ್ಟು ಕಪ್ಪಾಗುತ್ತವೆ.

ಅದೇ ರಾತ್ರಿ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲಿನ್, ಸ್ಯಾಲಿಸಿಲಿಕ್ ಆಮ್ಲದ ಕ್ರೀಮ್ ಸೇರಿಸಬೇಡಿ. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಯಾವ ರಾತ್ರಿಯೂ ಬೇಡ. ಮೊಡವೆಗೆ ಕನಿಷ್ಠ 6ರಿಂದ 8 ವಾರ ಕೊಡಿ. ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಹಂತ 7: ತಕ್ಷಣ ನಿಲ್ಲಿಸಬೇಕಾದಾಗ

ಹಚ್ಚಿ ಒಂದೆರಡು ನಿಮಿಷ ಚುರುಚುರು ಅನ್ನುವುದು ಬೇರೆ. ಉರಿ ಹತ್ತು ನಿಮಿಷ ದಾಟಿದರೆ, ಕೆಂಪು ಮರುದಿನಕ್ಕೂ ಉಳಿದರೆ, ಹಚ್ಚಿದ ಜಾಗದ ಹೊರಗೂ ತುರಿಕೆ ಹಬ್ಬಿದರೆ, ರೆಪ್ಪೆ ಊದಿದರೆ, ನೀರುಗುಳ್ಳೆ ಎದ್ದರೆ ಸೋಪು ಹಾಕಿ ತೊಳೆದು ಅಲ್ಲಿಗೇ ಬಿಡಿ. "ಗುಣ ಆಗೋ ಮುಂಚೆ ಹಂಗಾಗ್ತದ" ಅನ್ನುವ ಮಾತು ನಂಬಬೇಡಿ. ಒಮ್ಮೆ ಅಲರ್ಜಿಯಾದರೆ ಕಡಿಮೆ ಹನಿ ಹಾಕಿಯೂ ಮತ್ತೆ ಪ್ರಯತ್ನಿಸಬಾರದು. ಉಸಿರು ಕಟ್ಟಿದಂತಾದರೆ ನೇರ ಆಸ್ಪತ್ರೆ.

ಈ ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಹುಣ್ಣಿಗೆ ಅಂತ ಬಾಯಿ ಮುಕ್ಕಳಿಸುವುದೂ ಬೇಡ. ಮಗು ಕುಡಿದರೆ ಮಂಪರು ಬರಬಹುದು, ನಡೆಯುವಾಗ ತೂರಾಡಬಹುದು. ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿಯನ್ನೂ ಜೊತೆಗೆ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಿ. ಉಣ್ಣೆ ಹುಳಕ್ಕೆ ಅಂತ ನಾಯಿಗೆ, ಬೆಕ್ಕಿಗೆ ಹಚ್ಚುವವರನ್ನೂ ನೋಡಿದ್ದೇನೆ. ಅವು ಮೈ ನೆಕ್ಕುತ್ತವೆ, ಕಾಲು ಸೋತು ಬೀಳುತ್ತವೆ. ಹಾಗೆ ಮಾಡಬೇಡಿ.

ಹಂತ 8: ನಾಲ್ಕು ವಾರ ಆದ ಮೇಲೆ

ಹೊಟ್ಟು ಕಡಿಮೆಯಾಗಿದ್ದರೆ ಪೂರ್ತಿ ಬಿಡಬೇಡಿ. ಶಿಲೀಂಧ್ರ ನೆತ್ತಿ ಬಿಟ್ಟು ಹೋಗುವುದಿಲ್ಲ, ಸುಮ್ಮನಿರುತ್ತದೆ ಅಷ್ಟೇ. ವಾರಕ್ಕೊಂದು ಸಲ ಇದೇ ಶಾಂಪೂ ಸಾಕು. ಸೆಕೆಗಾಲದಲ್ಲಿ ಎರಡು ಸಲ.

ಏನೂ ಬದಲಾಗದಿದ್ದರೆ ಐದನೇ ವಾರಕ್ಕೆ ಎಳೆಯಬೇಡಿ, ಹನಿಯನ್ನೂ ಹೆಚ್ಚಿಸಬೇಡಿ. ನನ್ನ ವ್ಯಾಪಾರಕ್ಕೆ ಲಾಭವೋ ನಷ್ಟವೋ, ನಿಜ ಹೇಳುತ್ತೇನೆ: ಹಠಮಾರಿ ಹೊಟ್ಟಿಗೆ 2% ಕೀಟೋಕೊನಜೋಲ್ ಶಾಂಪೂ ಇದಕ್ಕಿಂತ ಬಲವಾದದ್ದು. ವಾರಕ್ಕೆ ಎರಡು ಸಲ, 3ರಿಂದ 5 ನಿಮಿಷ ಬಿಟ್ಟು ತೊಳೆಯುವುದು, 2ರಿಂದ 4 ವಾರ. ಕ್ರಮ ಮೇಲಿನದೇ, ಎಣ್ಣೆ ಬೆರೆಸುವುದು ಮಾತ್ರ ಇಲ್ಲ. ಅದಕ್ಕೂ ಬಗ್ಗದಿದ್ದರೆ ಚರ್ಮರೋಗ ವಿಭಾಗಕ್ಕೆ ಹೋಗಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಮುಖಕ್ಕೆ ಪೌಡರ್ ಬೇಡ. ಈ ತನಕ ಹಚ್ಚಿದ ಬಾಟಲಿ, ಟ್ಯೂಬ್ ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಇಡಿ.